ಪತ್ರ ಓದುವವನು ಯಾರ ವಕೀಲ?

ಜಮೀನಿಗಿಂತ ಜಮೀನಿನ ಕಾಗದಕ್ಕೆ ಹೆಚ್ಚು ಹೆದರಿ ಬದುಕಿದವರು ನಾವು. ಉಳುವವನಿಗೆ ಮಣ್ಣು ಗೊತ್ತು, ಕಾಗದ ಗೊತ್ತಿಲ್ಲ. ಕಾಗದ ಗೊತ್ತಿದ್ದವನು ಶಾನುಭೋಗ. ಆತ ಓದಿ ಹೇಳಿದ್ದೇ ಲೆಕ್ಕ, ಆತ ತೋರಿಸಿದ ಜಾಗದಲ್ಲಿ ಒತ್ತಿದ್ದೇ ಹೆಬ್ಬೆಟ್ಟು. 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದು ಮಾಡಿತು. ಶಾನುಭೋಗ ಹೋದ. ನಮ್ಮ ಕಾಗದವನ್ನು ನಮ್ಮ ಪರವಾಗಿ ಓದುವವರು ಯಾರು ಅನ್ನೋ ಪ್ರಶ್ನೆ ಮಾತ್ರ ಹೋಗಲಿಲ್ಲ. ಈಗ ಮನೆ ಸಾಲಕ್ಕೆ ಬ್ಯಾಂಕಿನ ಮೆಟ್ಟಿಲು ಹತ್ತಿದರೆ 'ನಮ್ಮ ಪ್ಯಾನಲ್ ವಕೀಲರಿಂದ ಒಪೀನಿಯನ್ ಆಗಬೇಕು' ಅಂತಾರೆ. ಫೀಸು ನಮ್ಮದು. ಒಪೀನಿಯನ್ ಬ್ಯಾಂಕಿನದು.

ಈ ಪ್ಯಾನಲ್ ಅನ್ನುವುದರ ಚರಿತ್ರೆ ಬಿಚ್ಚಿ ಕಾಣುವುದು ಇಂಗ್ಲೆಂಡಿನಲ್ಲಿ. ನಮ್ಮ ಅಡಮಾನದ ಕಾನೂನಾದ 1882ರ ಸ್ವತ್ತು ವರ್ಗಾವಣೆ ಕಾಯ್ದೆಯನ್ನು ಬರೆದವರೂ ಅವರೇ ಆದ್ದರಿಂದ ಅಲ್ಲಿಗೆ ಹೋಗಿ ನೋಡಿಕೊಂಡು ಬರುವುದರಲ್ಲಿ ತಪ್ಪಿಲ್ಲ.

ಅಲ್ಲಿ ಪತ್ರ ಬರೆಯುವ ಹಕ್ಕು ವಕೀಲರ ಸ್ವತ್ತಾದದ್ದು 1804ರಲ್ಲಿ. ಫ್ರಾನ್ಸಿನ ಮೇಲೆ ಯುದ್ಧ ಹೂಡಿದ್ದ ಪಿಟ್ಟನ ಸರ್ಕಾರಕ್ಕೆ ದುಡ್ಡು ಬೇಕಾಗಿತ್ತು. ವಕೀಲರ ಲೈಸೆನ್ಸಿನ ಮೇಲೆ ತೆರಿಗೆ ಹೆಚ್ಚಿಸಿದ. ಸುಮ್ಮನೆ ಕೊಟ್ಟಾರೆಯೇ? ಬದಲಿಗೆ, ದುಡ್ಡು ಪಡೆದು ಆಸ್ತಿ ಪತ್ರ ಬರೆಯುವ ಹಕ್ಕು ಅವರಿಗೆ ಬಿಟ್ಟರೆ ಬೇರೆ ಯಾರಿಗೂ ಇಲ್ಲವೆಂದು ಕಾನೂನು ಮಾಡಿಕೊಟ್ಟ. ಜ್ಞಾನದ ಬಲದಿಂದ ಬಂದ ಏಕಸ್ವಾಮ್ಯ ಇದಲ್ಲ, ತೆರಿಗೆಯ ಚೌಕಾಸಿಯಲ್ಲಿ ಹುಟ್ಟಿದ್ದು. ಆದರೆ ನೂರೆಂಬತ್ತು ವರ್ಷ ಕಾಲ ಆ ಸಾಲಿಸಿಟರುಗಳು ಅದನ್ನು ಜ್ಞಾನದ ಹೆಸರಿನಲ್ಲೇ ಕಾಪಾಡಿಕೊಂಡರು. ನಮಗೆ ಈ ಕತೆ ಹೊಸದಲ್ಲ.

ಆ ಜ್ಞಾನವಾದರೂ ಏನು? ಮಾರುವವನಿಗೆ ಮಾರುವ ಹಕ್ಕು ಇದೆಯೋ ಇಲ್ಲವೋ ಎಂದು ಹಿಂದಕ್ಕೆ ಹಿಂದಕ್ಕೆ ಪತ್ರ ಓದುತ್ತಾ ಹೋಗುವುದು. ಎಷ್ಟು ಹಿಂದಕ್ಕೆ? ಮೊದಲು 60 ವರ್ಷ ನೋಡಬೇಕಿತ್ತು. 1874ರಲ್ಲಿ ಅದು 40 ಆಯಿತು, 1925ರ ಕಾಯ್ದೆಯಲ್ಲಿ 30 ಆಯಿತು, 1969ರ ಕಾಯ್ದೆಯಲ್ಲಿ 15ಕ್ಕೆ ಇಳಿಯಿತು. 1862ರಲ್ಲೇ ಹುಟ್ಟಿದ ಭೂ ನೋಂದಣಿ ಕಚೇರಿ ಮೆಲ್ಲಮೆಲ್ಲನೆ ಊರಿಂದೂರಿಗೆ ಹರಡಿ, 1990ರ ಡಿಸೆಂಬರಿನಲ್ಲಿ ಇಂಗ್ಲೆಂಡು ವೇಲ್ಸುಗಳ ತುಂಬ ನೋಂದಣಿ ಕಡ್ಡಾಯವಾಯಿತು. ಕೆಲಸ ಹಗುರಾಗುತ್ತಾ ಬಂತು. ಫೀಸು ಮಾತ್ರ ಮನೆಯ ಬೆಲೆಗೆ ತಕ್ಕಂತೆ ಏರುವ ಕೋಷ್ಟಕದಂತೆ ನಡೆಯುತ್ತಿತ್ತು. ಆ ಕೋಷ್ಟಕ ಬಿದ್ದದ್ದು 1973ರಲ್ಲಿ.

ಇನ್ನು ಸಾಲ ಕೊಡುವವರ ಕಡೆ ನೋಡೋಣ. ಗೊತ್ತಿರುವ ಮೊದಲ ಬಿಲ್ಡಿಂಗ್ ಸೊಸೈಟಿ ಹುಟ್ಟಿದ್ದು 1775ರಲ್ಲಿ, ಬರ್ಮಿಂಗ್‌ಹ್ಯಾಮಿನ ಒಂದು ಹೆಂಡದಂಗಡಿಯಲ್ಲಿ. ಅಂಗಡಿಯವನ ಹೆಸರು ರಿಚರ್ಡ್ ಕೆಟ್ಲಿ. ನಮ್ಮ ಚೀಟಿ ವ್ಯವಹಾರದ ಹಾಗೇ ಅದು. ಸದಸ್ಯರು ತಿಂಗಳಿಗಿಷ್ಟು ಅಂತ ಹಾಕೋದು, ಒಬ್ಬೊಬ್ಬರೇ ಮನೆ ಕಟ್ಟಿಕೊಳ್ಳೋದು, ಎಲ್ಲರಿಗೂ ಮನೆಯಾದ ಮೇಲೆ ಸೊಸೈಟಿ ಮುಚ್ಚೋದು. ಮುಚ್ಚದೆ ಉಳಿಯುವ ಸೊಸೈಟಿಗಳು ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಇಪ್ಪತ್ತನೆಯ ಶತಮಾನದ ಹೊತ್ತಿಗೆ ಅವು ಬ್ಯಾಂಕಿನಂತಹ ದೈತ್ಯರಾದವು. ಕುಡಿಯುವ ಜಾಗದಲ್ಲಿ ಹುಟ್ಟಿದ ಸಹಕಾರ ಕೋಟು ಟೈ ಹಾಕಿಕೊಂಡು, ಯಾರಿಗೆ ಸಾಲ ಕೊಡಬೇಕು ಕೊಡಬಾರದು ಅಂತ ತೀರ್ಮಾನಿಸುವ ಯಜಮಾನಿಕೆಯಾಗಿ ಕೂತಿತು. ಕರಿಯರು, ಭಾರತ ಪಾಕಿಸ್ತಾನಗಳಿಂದ ಹೋದ ಕಾರ್ಖಾನೆ ಕೂಲಿಗಳು ಮನೆ ಹುಡುಕಿದ್ದು ನಗರದ ನಡುವಿನ ಹಳೆಯ ಸಾಲುಮನೆಗಳಲ್ಲಿ. 1970ರ ದಶಕದಲ್ಲಿ ಅನೇಕ ಸೊಸೈಟಿಗಳು ಅಂಥ ಬೀದಿಗಳಿಗೆ ಕೆಂಪು ಗೆರೆ ಎಳೆದು ಸಾಲವನ್ನೇ ನಿಲ್ಲಿಸಿದ್ದವು. ಆ ಜನ ನೆಂಟರಿಷ್ಟರ ಹತ್ತಿರ ಕೈಸಾಲ ಕೂಡಿಸಿ ಮನೆ ಕೊಂಡರು.

ಸೊಸೈಟಿಗೂ ಸಾಲಿಸಿಟರಿಗೂ ಗಂಟು ಬಿದ್ದದ್ದು ಹೀಗೆ: ಕೊಳ್ಳುವವನಿಗೆ ಒಬ್ಬ ವಕೀಲ, ಸಾಲ ಕೊಡುವವರಿಗೆ ಇನ್ನೊಬ್ಬ ಅಂದ್ರೆ ಎರಡು ಫೀಸು. ಓದುವ ಪತ್ರ ಒಂದೇ ತಾನೆ, ಒಬ್ಬನೇ ಇಬ್ಬರಿಗೂ ಓದಲಿ ಅಂತ ರೂಢಿಯಾಯಿತು. ಸೊಸೈಟಿಗಳು ತಮಗೆ ನಂಬಿಕೆಯಾದ ಸಾಲಿಸಿಟರುಗಳ ಪಟ್ಟಿ ಇಟ್ಟುಕೊಂಡವು. ಅದೇ ಪ್ಯಾನಲ್. ಊರಿನ ಸೊಸೈಟಿ ಮ್ಯಾನೇಜರು, ಊರಿನ ಸಾಲಿಸಿಟರು, ಒಬ್ಬರಿಗೊಬ್ಬರು ಗಿರಾಕಿ ಕಳಿಸಿಕೊಂಡು ಸುಖವಾಗಿದ್ದರು. ಪಟ್ಟಿ ಉದ್ದ ಇತ್ತು. ಹೆಚ್ಚುಕಡಿಮೆ ಕೇಳಿದವರೆಲ್ಲ ಅದರೊಳಗಿದ್ದರು. ಹಾಗಾಗಿ ಪಟ್ಟಿ ಇದೆ ಅನ್ನೋದೇ ಮನೆ ಕೊಳ್ಳುವ ಸಾಮಾನ್ಯನಿಗೆ ಗೊತ್ತಿರಲಿಲ್ಲ.

1979ರಲ್ಲಿ ಬೆನ್ಸನ್ ನೇತೃತ್ವದ ರಾಜ ಆಯೋಗ ಸಾಲಿಸಿಟರುಗಳ ಏಕಸ್ವಾಮ್ಯ ಇರಲಿ ಎಂದೇ ವರದಿ ಕೊಟ್ಟಿತು. ಅದನ್ನು ಅಲ್ಲಾಡಿಸಿದವನು ಗ್ರಿಮ್ಸ್‌ಬಿಯ ಲೇಬರ್ ಸದಸ್ಯ ಆಸ್ಟಿನ್ ಮಿಚೆಲ್. 1983ರಲ್ಲಿ ಆತ ತಂದ ಖಾಸಗಿ ಮಸೂದೆ ಮೊದಲ ಗಂಡಾಂತರ ದಾಟಿದಾಗ ಥ್ಯಾಚರ್ ಸರ್ಕಾರ ತಾನೇ ಕಾನೂನು ತರುತ್ತೇನೆ ಅಂತ ಮಾತು ಕೊಟ್ಟು ಅದನ್ನು ಹಿಂತೆಗೆಸಿತು. 1985ರ ಕಾಯ್ದೆ ಬಂತು, 1987ರಿಂದ ಸಾಲಿಸಿಟರುಗಳಲ್ಲದ ಪರವಾನಗಿ ಪತ್ರಬರಹಗಾರರೂ ಕೆಲಸ ಶುರು ಮಾಡಿದರು. ಫೀಸು ಇಳಿಯಿತು. ಜನ ಗೆದ್ದರು ಅನ್ನಿಸಿತು. ಗೆದ್ದದ್ದು ನಿಜವೇ. ಆದರೆ ಕಾನೂನು ಕಾಯುತ್ತಿದ್ದ ಬಾಗಿಲು ಬಿದ್ದಾಗ ಅದರ ಹಿಂದೆಯೇ ಇದ್ದ ಇನ್ನೊಂದು ಬಾಗಿಲು ಕಾಣತೊಡಗಿತು. ಅದರ ಬೀಗದ ಕೈ ಪಾರ್ಲಿಮೆಂಟಿನ ಹತ್ತಿರ ಇರಲಿಲ್ಲ, ಸಾಲ ಕೊಡುವವನ ಸೊಂಟದಲ್ಲಿತ್ತು.

1990ರ ಸುಮಾರಿಗೆ ಮನೆಗಳ ಬೆಲೆ ಕುಸಿಯಿತು. ಸಾಲ ಕಟ್ಟಲಾರದವರ ಮನೆಗಳನ್ನು ವಶಪಡಿಸಿಕೊಂಡು ಮಾರಿದರೂ ಅಸಲು ಬರಲಿಲ್ಲ. ಬೆಲೆ ಉಬ್ಬಿಸಿದ್ದರಲ್ಲಿ, ಕೇಳಿದವರಿಗೆಲ್ಲ ಸಾಲ ಸುರಿದಿದ್ದರಲ್ಲಿ ತಮ್ಮ ಪಾಲೂ ಇತ್ತು ಅಂತ ಸಂಸ್ಥೆಗಳು ಒಪ್ಪಿಕೊಳ್ಳುವುದುಂಟೆ? ನಷ್ಟಕ್ಕೆ ಯಾರನ್ನು ಹಿಡಿಯೋದು ಅಂತ ಹುಡುಕಿದಾಗ ಸಿಕ್ಕಿದವನು ಪತ್ರ ಓದಿದ ಸಾಲಿಸಿಟರ್. 1995ರಲ್ಲಿ ಮಾರ್ಟ್‌ಗೇಜ್ ಎಕ್ಸ್‌ಪ್ರೆಸ್ ಎಂಬ ಸಂಸ್ಥೆಯ ಮೊಕದ್ದಮೆಯಲ್ಲಿ ಅಪೀಲು ಕೋರ್ಟು ಹೇಳಿದ್ದು ಇದು: ಮನೆಯ ಬೆಲೆಯ ಬಗ್ಗೆ ಅನುಮಾನ ಹುಟ್ಟಿಸುವ ಸಂಗತಿ ಸಾಲಿಸಿಟರಿಗೆ ತಿಳಿದರೆ, ಅವನು ಅದನ್ನು ಸಾಲ ಕೊಡುವವರಿಗೂ ಹೇಳಬೇಕು. ಅದರ ಮರುವರ್ಷ ಬ್ರಿಸ್ಟಲ್ ಅಂಡ್ ವೆಸ್ಟ್ ಸೊಸೈಟಿಯ ಮೊಕದ್ದಮೆ. 59,000 ಪೌಂಡು ಸಾಲ. ಕೊಂಡವರಿಗೆ ಬೇರೊಂದು ಬ್ಯಾಂಕಿನಲ್ಲಿ ಇದ್ದ 3,350 ಪೌಂಡಿನ ಚಿಲ್ಲರೆ ಬಾಕಿಯನ್ನು ಇದೇ ಮನೆಯ ಮೇಲೆ ಎರಡನೆಯ ಅಡಮಾನವಾಗಿ ಹಾಕುವ ಏರ್ಪಾಟಿತ್ತು. ಸಾಲಿಸಿಟರ್ ಅದನ್ನು ಸೊಸೈಟಿಗೆ ತಿಳಿಸಿರಲಿಲ್ಲ. ನಿರ್ಲಕ್ಷ್ಯ ಹೌದು, ನಂಬಿಕೆದ್ರೋಹ ಅಲ್ಲ ಅಂತ ಕೋರ್ಟು ತೀರ್ಮಾನಿಸಿತು. ವಕೀಲ ಅರ್ಧ ಬದುಕಿಕೊಂಡ.

ಇಲ್ಲಿ ನಾವು ನಿಂತು ನೋಡಬೇಕು. ಫೀಸು ಕೊಟ್ಟವನು ಮನೆ ಕೊಳ್ಳುವವನು. ಅವನ ಸಂಗತಿ ಗುಟ್ಟಾಗಿ ಇಡಬೇಕಾದ್ದೂ ವಕೀಲನ ಧರ್ಮ. ಒಪ್ಪಿಗೆ ಇಲ್ಲದೆ ಸಾಲ ಕೊಡುವವರಿಗೆ ಹೇಳುವಂತಿಲ್ಲ. ಹೇಳದೆ ಇರುವಂತೆಯೂ ಇಲ್ಲ. ಒಪ್ಪದಿದ್ದರೆ ಸಾಲ ಕೊಡುವವರ ಕೆಲಸವನ್ನು ಬಿಟ್ಟುಬಿಡಬೇಕು. 1999ರಲ್ಲಿ ಸಾಲಸಂಸ್ಥೆಗಳ ಒಕ್ಕೂಟ ಸಾಲಿಸಿಟರುಗಳಿಗೆಂದು ಒಂದು ಕೈಪಿಡಿ ಹೊರಡಿಸಿತು. ಏನು ಓದಬೇಕು, ಏನು ಕಂಡರೆ ವರದಿ ಮಾಡಬೇಕು ಎಲ್ಲ ಅದರಲ್ಲಿದೆ. ಅಂಥದೊಂದು ಕೈಪಿಡಿಯನ್ನು ಮನೆ ಕೊಳ್ಳುವವರು ಬರೆದು ವಕೀಲರ ಕೈಗೆ ಕೊಟ್ಟದ್ದು ಎಲ್ಲಾದರೂ ಉಂಟೆ?

2008ರಲ್ಲಿ ಬ್ಯಾಂಕುಗಳು ಮುಗ್ಗರಿಸಿದ ಮೇಲೆ ಪಟ್ಟಿಗೆ ಕತ್ತರಿ ಬಿತ್ತು. ಮೋಸ ತಡೆಯಬೇಕು ಅನ್ನೋದು ಕಾರಣ. ಮೋಸಗಾರ ಸಾಲಿಸಿಟರುಗಳು ಇರಲಿಲ್ಲ ಅಂತ ನಾವು ಹೇಳುವುದಿಲ್ಲ, ಇದ್ದರು. ಆದರೆ ಕತ್ತರಿ ಮೋಸಗಾರನನ್ನು ಹುಡುಕಿ ಬೀಳಲಿಲ್ಲ, ಸಣ್ಣವನನ್ನು ಹುಡುಕಿ ಬಿತ್ತು. ಒಬ್ಬಂಟಿ ವಕೀಲ, ಇಬ್ಬರೇ ಪಾಲುದಾರರ ಕಚೇರಿ, ವರ್ಷಕ್ಕೆ ನಾಲ್ಕಾರು ಮನೆ ಪತ್ರ ಮಾಡುವವನು, ಇವರೆಲ್ಲ ಅಪಾಯ ಅಂತ ಗುರುತಾದರು. ಬ್ರಿಟನ್ನಿನಲ್ಲಿ ಕರಿಯ ಮತ್ತು ಏಷ್ಯನ್ ಸಾಲಿಸಿಟರುಗಳು ದೊಡ್ಡ ಕಂಪನಿಗಳ ಬಾಗಿಲು ತೆರೆಯದೆ ಸ್ವಂತ ಸಣ್ಣ ಕಚೇರಿ ಹಾಕಿಕೊಂಡವರೇ ಹೆಚ್ಚು. ಅವರ ಮೇಲೆಯೇ ನಿಯಂತ್ರಕರ ಕ್ರಮ ಹೆಚ್ಚಾಗಿ ಬೀಳುತ್ತಿದೆ ಎಂಬ ದೂರನ್ನು 2008ರಲ್ಲಿ ಲಾರ್ಡ್ ಔಸ್ಲಿ ವಿಚಾರಿಸಿ ವರದಿ ಕೊಟ್ಟಿದ್ದರು. ಬಣ್ಣದ ಹೆಸರೆತ್ತದೆ ಬರೀ ಗಾತ್ರದ ಹೆಸರಿನಲ್ಲಿ ನಿಯಮ ಮಾಡಿದರೂ ಅದು ಯಾರ ತಲೆಯ ಮೇಲೆ ಹೆಚ್ಚು ಬೀಳುತ್ತೆ ಅನ್ನೋದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 'ಅರ್ಹತೆ' ಅನ್ನೋ ಮಾತು ನಾವು ಕೇಳಿ ಕೇಳಿ ಸವೆಸಿದ್ದೇವೆ.

2012ರ ಜನವರಿಯಲ್ಲಿ ಎಚ್‌ಎಸ್‌ಬಿಸಿ ತನ್ನ ಪಟ್ಟಿಯನ್ನು ಇಡೀ ಇಂಗ್ಲೆಂಡು ವೇಲ್ಸಿಗೆ 43 ಕಚೇರಿಗಳಿಗೆ ಇಳಿಸಿತು. ಸಾವಿರಾರು ಸಾಲಿಸಿಟರ್ ಕಚೇರಿಗಳಿರುವ ದೇಶದಲ್ಲಿ ನಲವತ್ಮೂರು! ನಿಮ್ಮ ಊರಿನ, ನಿಮ್ಮ ಭಾಷೆ ಬಲ್ಲ ವಕೀಲನೇ ಬೇಕೆಂದರೆ ಇಟ್ಟುಕೊಳ್ಳಿ. ಬ್ಯಾಂಕಿನ ವಕೀಲನ ಫೀಸನ್ನೂ ಪ್ರತ್ಯೇಕ ಕೊಡಿ. ಒಂದೇ ಪತ್ರವನ್ನು ಇಬ್ಬರು ಓದುವುದು, ಒಬ್ಬರಿಗೊಬ್ಬರು ಕಾಗದ ಬರೆದುಕೊಳ್ಳುವುದು, ದಿನ ಹೋಗುವುದು. ಆ ದೇಶದಲ್ಲಿ ಕರಾರು ವಿನಿಮಯ ಆಗುವವರೆಗೆ ಮಾರುವವನು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ತಡವಾದರೆ ಮನೆಯೇ ಕೈಬಿಟ್ಟೀತು. ಹಾಗಾಗಿ ಆಯ್ಕೆಯ ಸ್ವಾತಂತ್ರ್ಯ ಕಾಗದದ ಮೇಲೆ ಉಳಿಯಿತು. ಸಾಲಿಸಿಟರುಗಳ ಸಂಘ ಗದ್ದಲ ಎಬ್ಬಿಸಿತು, ಅದೇ ವರ್ಷ ಬ್ಯಾಂಕು ಸಂಘದ ಗುಣಮಟ್ಟದ ಮುದ್ರೆ ಪಡೆದ ಕಚೇರಿಗಳಿಗೆ ಬಾಗಿಲು ತೆರೆಯಿತು. ಆ ಮುದ್ರೆಗೂ ಸಾಲಿಸಿಟರ್ ಶುಲ್ಕ ಕಟ್ಟಬೇಕು. ಪ್ಯಾನಲ್ ಮಾಹಿತಿ ನಿಭಾಯಿಸುವ ಮಧ್ಯವರ್ತಿ ಕಂಪನಿಗಳೂ ಹುಟ್ಟಿಕೊಂಡವು, ಅವಕ್ಕೂ ಶುಲ್ಕ. ಕೊನೆಗೆ ಇವೆಲ್ಲ ಸುತ್ತಿ ಬರುವುದು ಮನೆ ಕೊಳ್ಳುವವನ ಬಿಲ್ಲಿಗೇ.

ಸಾಲ ಕೊಡುವವರ ಪಟ್ಟಿಗೆ ಒಬ್ಬ ತಮ್ಮನೂ ಇದ್ದಾನೆ: ಮನೆ ಕಟ್ಟಿ ಮಾರುವ ಬಿಲ್ಡರನ ಪಟ್ಟಿ. ಹತ್ತು ವರ್ಷಕ್ಕೊಮ್ಮೆ ಇಮ್ಮಡಿಯಾಗುವ ನೆಲಬಾಡಿಗೆಯ ಕರಾರಿನಲ್ಲಿ ಸಾವಿರಾರು ಹೊಸ ಮನೆಗಳನ್ನು ಮಾರಿದ್ದರು. ಕೊಂಡವರಲ್ಲಿ ಅನೇಕರಿಗೆ ವಕೀಲನನ್ನು ತೋರಿಸಿದ್ದು ಬಿಲ್ಡರನೇ. ಆ ವಕೀಲ ಇಮ್ಮಡಿಯ ಮಾತನ್ನು ಒತ್ತಿ ಹೇಳಲೇ ಇಲ್ಲ ಅಂತ ದೂರುಗಳು ಬಂದವು. ಟೇಲರ್ ವಿಂಪಿ ಕಂಪನಿ 2017ರಲ್ಲಿ ಇದನ್ನು ಸರಿಪಡಿಸಲು 13 ಕೋಟಿ ಪೌಂಡು ತೆಗೆದಿಟ್ಟಿತು. 2019ರಲ್ಲಿ ಪಾರ್ಲಿಮೆಂಟಿನ ವಸತಿ ಸಮಿತಿ, ಬಿಲ್ಡರ್ ಹೇಳಿದ ವಕೀಲನನ್ನೇ ಹಿಡಿಯುವಂತೆ ಆಮಿಷ ಒಡ್ಡುವುದನ್ನು ನಿಷೇಧಿಸಿ ಎಂದಿತು. ಹೊಸ ಕರಾರುಗಳಲ್ಲಿ ನೆಲಬಾಡಿಗೆ ಇಲ್ಲದಂತೆ ಮಾಡಿದ್ದು 2022ರ ಕಾಯ್ದೆ. ಆದರೆ ಅದಕ್ಕೆ ಮುಂಚೆಯೇ, 2017ರಲ್ಲಿ, ನೇಷನ್‌ವೈಡ್ ಸೊಸೈಟಿ ಇಂಥ ಹೊಸ ಮನೆಗಳಿಗೆ ಸಾಲ ಕೊಡುವುದಿಲ್ಲ ಎಂದಿತ್ತು. ಜನ ಅತ್ತಾಗ ಅಲ್ಲ, ಅಡವಿಟ್ಟುಕೊಂಡ ಮನೆಯ ಬೆಲೆ ಬೀಳುತ್ತೆ ಎಂದಾಗ ಎಚ್ಚರ ಬಂದದ್ದು. ಹಾಗಂತ ಆ ಎಚ್ಚರದಿಂದ ಜನಕ್ಕೆ ಆದ ಉಪಕಾರವನ್ನು ನಾವು ಅಲ್ಲಗಳೆಯಬಾರದು. ಸಾಲ ಕೊಡುವವನ ಹಿತವೂ ನಮ್ಮ ಹಿತವೂ ಒಂದೇ ದಾರಿಯಲ್ಲಿ ಹೋಗುವಷ್ಟು ದೂರ ಅವನ ವಕೀಲ ನಮ್ಮ ವಕೀಲನೂ ಹೌದು.

ದಾರಿ ಬೇರೆಯಾಗುವ ಜಾಗ ನೋಡಬೇಕಾದರೆ ನಮ್ಮ ಕಡೆಗೇ ಬರಬೇಕು. ಬಡಾವಣೆಗಳ ಬೋರ್ಡುಗಳಲ್ಲಿ 'ಇಂತಿಂಥ ಬ್ಯಾಂಕುಗಳಿಂದ ಸಾಲ ಸೌಲಭ್ಯ' ಅಂತ ದಪ್ಪಕ್ಷರದಲ್ಲಿ ಇರುತ್ತದೆ. ಬ್ಯಾಂಕೇ ಒಪ್ಪಿದೆ, ಇನ್ನೇನು ನೋಡೋದು ಅಂತ ನಮ್ಮವರೇ ಸೈಟು ಕೊಳ್ಳುತ್ತಾರೆ. ಪ್ಯಾನಲ್ ವಕೀಲ 13 ವರ್ಷದ್ದೋ 30 ವರ್ಷದ್ದೋ ಋಣಭಾರ ಪತ್ರ ನೋಡಿ ಸರಿ ಅಂದಿರುತ್ತಾನೆ. ಆ ಮಾತು ತಪ್ಪಾದರೆ? ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿ, 2019ರಲ್ಲಿ ಬರೋಡಾ ಬ್ಯಾಂಕಿನೊಳಗೆ ಸೇರಿಹೋದ ವಿಜಯಾ ಬ್ಯಾಂಕಿನ ಹೈದರಾಬಾದ್ ಶಾಖೆಯೊಂದರ ಮನೆಸಾಲದ ಹಗರಣದಲ್ಲಿ ಪ್ಯಾನಲ್ ವಕೀಲನ ಮೇಲೂ ಕ್ರಿಮಿನಲ್ ಕೇಸು ಬಿದ್ದಿತ್ತು. ಒಳಸಂಚಿನಲ್ಲಿ ಸೇರಿದ್ದಕ್ಕೆ ಪುರಾವೆ ಇಲ್ಲದೆ ಬರೀ ಒಪೀನಿಯನ್ ತಪ್ಪಾಯಿತೆಂದು ವಕೀಲನನ್ನು ಅಪರಾಧಿ ಮಾಡಲಾಗದು ಎಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿತು. ಸರಿಯಾದ ಮಾತೇ. ಆದರೆ ಅಲ್ಲಿ ಜಗಳ ಬ್ಯಾಂಕಿನ ನಷ್ಟದ್ದು.

ಆ ಮೂವತ್ತು ವರ್ಷದಾಚೆ ಏನಿತ್ತು? 1978ರ ನಮ್ಮ ರಾಜ್ಯದ ಕಾಯ್ದೆಯ ಪ್ರಕಾರ ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ ಆ ಕ್ರಯ ಅಸಿಂಧು. ಮಂಜೂರಾತಿ 1950ರಲ್ಲೋ 60ರಲ್ಲೋ ಆಗಿರಬಹುದು. ಬಹಳ ತಡವಾಗಿ ಬಂದರೆ ಜಮೀನು ವಾಪಸು ಕೇಳುವಂತಿಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದಾಗ ಎಷ್ಟೋ ಅರ್ಜಿಗಳು ಬಿದ್ದುಹೋದವು. 2023ರಲ್ಲಿ ವಿಧಾನಮಂಡಲ ತಿದ್ದುಪಡಿ ತಂದು ಕಾಲಮಿತಿ ಇಲ್ಲವೆಂದಿತು. ಮೂವತ್ತು ವರ್ಷಕ್ಕೆ ನಿಂತ ಕಣ್ಣಿಗೆ ಈ ಮಂಜೂರಾತಿ ಪತ್ರ ಕಾಣುವುದಿಲ್ಲ. ಅದರಲ್ಲಿ ಹೆಸರಿರುವ ಅಜ್ಜ ಒಬ್ಬ ಹೊಲೆಯನೋ ಮಾದಿಗನೋ ಆಗಿರುತ್ತಾನೆ, ಆ ಜಮೀನಿನ ಮೇಲೆ ಸೈಟು ಕೊಂಡವನು ಸಾಲದ ಕಂತು ಕಟ್ಟುತ್ತಿರುವ ಯಾವುದೋ ಗುಮಾಸ್ತನಾಗಿರುತ್ತಾನೆ, ಇಬ್ಬರೂ ಅಸಿಸ್ಟೆಂಟ್ ಕಮೀಷನರ್ ಕಚೇರಿಯ ಬೆಂಚಿನ ಮೇಲೆ ಅಕ್ಕಪಕ್ಕ ಕೂತು ಕೂಗುವುದನ್ನು ಕಾಯುತ್ತಾರೆ. ಪ್ಯಾನಲ್ ವಕೀಲ ಅಲ್ಲಿ ಇರುವುದಿಲ್ಲ. ಅವನಿಗೆ ಅಲ್ಲಿ ಕಕ್ಷಿದಾರರು ಯಾರೂ ಇಲ್ಲ.