ಬೀದಿನಾಯಿ ನಿಯಂತ್ರಣದಲ್ಲಿ ಸಹಕಾರ: ಮಂಡ್ಯ ಜಿಲ್ಲೆ

ಮನೆಯಿಲ್ಲದ ನಾಯಿ, ಬೆಕ್ಕುಗಳ ಸಂಖ್ಯೆ ತಗ್ಗಿಸಲು ಆಶ್ರಯಧಾಮಗಳು, ರಕ್ಷಣಾ ತಂಡಗಳು, ಪಶುವೈದ್ಯರು ಹಾಗೂ ಸ್ಥಳೀಯ ಸಂಸ್ಥೆಗಳು ಕೆಲಸ ಹಂಚಿಕೊಳ್ಳುವ ವ್ಯವಸ್ಥೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದಂಥ ತಾಲ್ಲೂಕುಗಳಲ್ಲಿ ಇದರ ಅಗತ್ಯ ನಗರಗಳಿಗಿಂತ ಹೆಚ್ಚು. ಇಲ್ಲಿ ಪಟ್ಟಣ ಮುಗಿದಲ್ಲೇ ಗದ್ದೆ ಶುರು. ನಾಯಿಗೆ ಪುರಸಭೆಯ ಗಡಿ ಗೊತ್ತಿಲ್ಲ.

ಹಳ್ಳಿಗಳಲ್ಲಿ ಗಂಡುಮರಿಯನ್ನು ಕೇಳಿ ಒಯ್ಯುವವರುಂಟು. ಹೆಣ್ಣುಮರಿ ಸಂತೆಮಾಳದಲ್ಲೋ ಕಬ್ಬಿನ ಗದ್ದೆಯ ಬದುವಿನಲ್ಲೋ ಉಳಿಯುತ್ತದೆ. ಬದುಕಿದರೆ ವರ್ಷದ ಆಸುಪಾಸಿನಲ್ಲೇ ಬೆದೆಗೆ ಬರುತ್ತದೆ. ಗರ್ಭದ ಅವಧಿ ಸುಮಾರು 63 ದಿನ. ಶ್ರೀರಂಗಪಟ್ಟಣದ ಸಂಗಮ, ಗಂಜಾಂನ ನಿಮಿಷಾಂಬ ದೇವಸ್ಥಾನದಂಥ ಕಡೆ ಯಾತ್ರಿಕರು ಬಿಟ್ಟ ಎಲೆ, ಎಂಜಲು ಸಿಗುವುದರಿಂದ ಒಂದು ಗುಂಪನ್ನು ಎತ್ತಿ ಸಾಗಿಸಿದರೂ ಅದರ ಜಾಗಕ್ಕೆ ಬೇರೆ ಗುಂಪು ಬರುತ್ತದೆ. ‘ಹಿಡಿದು ದೂರ ಬಿಟ್ಟುಬನ್ನಿ’ ಎಂಬ ಬೇಡಿಕೆ ಜನಪ್ರಿಯವೇನೋ ಹೌದು, ಫಲ ಮಾತ್ರ ಪಕ್ಕದೂರಿನ ಪಾಲು.

ಕಾನೂನಿನ ನೆಲೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ಅದರಡಿ 2001ರಲ್ಲಿ ಬಂದ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಜಾಗಕ್ಕೆ 2023ರಲ್ಲಿ ಹೊಸ ನಿಯಮಗಳು ಬಂದವು. ಹೊಣೆ ಪುರಸಭೆ, ಪಂಚಾಯಿತಿಗಳದ್ದು. ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಪಡೆದ ಸಂಸ್ಥೆಯೇ ಮಾಡಬೇಕು. ನಾಯಿಯನ್ನು ಬಲೆಯಲ್ಲಿ ಹಿಡಿದು, ಸಂತಾನಹರಣ ಮಾಡಿ, ರೇಬೀಸ್ ಲಸಿಕೆ ಹಾಕಿ, ಗುರುತಿಗಾಗಿ ಕಿವಿಯ ಅಂಚು ಕತ್ತರಿಸಿ, ಗಾಯ ಮಾಯ್ದ ಮೇಲೆ ಹಿಡಿದ ಬೀದಿಗೇ ಬಿಡುವುದು ಕ್ರಮ. ಯಾವ ಬೀದಿಯದೆಂದು ಬರೆದಿಡದಿದ್ದರೆ ಇಡೀ ಕೆಲಸ ಕೆಡುತ್ತದೆ. ಅದನ್ನು ನೆನಪಿಟ್ಟು ಹೇಳಬಲ್ಲವರು ದಿನಾ ಅನ್ನ ಹಾಕುವ ಸ್ಥಳೀಯರೇ.

ರಾಜ್ಯದಲ್ಲಿ ಈ ಬಗೆಯ ಕೆಲಸದ ದೊಡ್ಡ ಉದಾಹರಣೆ ಬೆಂಗಳೂರು. ಪ್ರಾಣಿಪ್ರೇಮಿ ಕ್ರಿಸ್ಟಲ್ ರೋಜರ್ಸ್ 1991ರಲ್ಲಿ ಅಲ್ಲಿ ಕ್ಯೂಪಾ ಎಂಬ ಪ್ರಾಣಿರಕ್ಷಣಾ ಸಂಸ್ಥೆ ಕಟ್ಟಿದರು. ಕ್ಯೂಪಾ, ಕರುಣಾ ಮೊದಲಾದ ಸಂಸ್ಥೆಗಳು ಪಾಲಿಕೆಯೊಂದಿಗೆ ದುಡಿದಿವೆ. ಪಾಲಿಕೆಯ ಗಣತಿಯಂತೆ ಬೀದಿನಾಯಿಗಳ ಸಂಖ್ಯೆ 2019ರಲ್ಲಿ ಸುಮಾರು 3.10 ಲಕ್ಷ, 2023ರಲ್ಲಿ ಸುಮಾರು 2.79 ಲಕ್ಷ. ಮಂಡ್ಯದ ಈ ತಾಲ್ಲೂಕುಗಳಿಗೆ ಹತ್ತಿರದ ದೊಡ್ಡ ಆಸರೆ ಮೈಸೂರು: ಚಾಮುಂಡಿ ಬೆಟ್ಟದ ತಪ್ಪಲಿನ ಪಿಂಜರಾಪೋಲ್ ಎಂಬ ಪ್ರಾಣಿಗಳ ಆಶ್ರಯಧಾಮ, ಪೀಪಲ್ ಫಾರ್ ಅನಿಮಲ್ಸ್ ಶಾಖೆ ಅಲ್ಲಿವೆ. ಶ್ರೀರಂಗಪಟ್ಟಣದಿಂದ ಮೈಸೂರಿಗೆ ಸುಮಾರು 15 ಕಿ.ಮೀ.; ನಾಗಮಂಗಲದವರಿಗೆ ದಾರಿಯೇ ದೊಡ್ಡ ಖರ್ಚು.

ಕೆಲಸ ಹಂಚಿಕೊಳ್ಳುವವರ ಲೆಕ್ಕವೂ ಒಂದೇ ಬಗೆಯದಾಗಿರಬೇಕು; ಅಮೆರಿಕದ ಆಶ್ರಯಧಾಮಗಳ ಮುಖಂಡರು 2004ರಲ್ಲಿ ಕ್ಯಾಲಿಫೋರ್ನಿಯಾದ ಅಸಿಲೊಮಾರ್‌ನಲ್ಲಿ ಸೇರಿ, ಬಂದ ಪ್ರಾಣಿ, ದತ್ತು ಹೋದ ಪ್ರಾಣಿ, ಕೊಂದ ಪ್ರಾಣಿಗಳ ಲೆಕ್ಕವನ್ನು ಒಂದೇ ಮಾದರಿಯಲ್ಲಿ ಇಡಲು ಒಪ್ಪಿದರು.

ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು, ರೇಬೀಸ್ ತಗುಲಿದ ಅಥವಾ ಆಕ್ರಮಣಕಾರಿ ನಾಯಿಗಳ ಹೊರತು ಉಳಿದವನ್ನು ಹಿಡಿದಲ್ಲೇ ಬಿಡಬೇಕೆಂದಿತು. ನವೆಂಬರ್ 7ರ ಆದೇಶ ಮಾತ್ರ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಂಥ ಕಡೆಯ ನಾಯಿಗಳನ್ನು ಆಶ್ರಯಧಾಮಕ್ಕೆ ಸಾಗಿಸಿ, ಮರಳಿ ಅಲ್ಲಿಗೆ ಬಿಡಬಾರದೆಂದಿತು. ಹೀಗಾಗಿ ಹಿಡಿಯುವವರು, ಕೊಯ್ಯುವವರು, ಇಟ್ಟುಕೊಳ್ಳುವವರು ಮೊದಲೇ ಮಾತಾಡಿಕೊಳ್ಳದೆ ಬಸ್ ನಿಲ್ದಾಣದ ಒಂದು ನಾಯಿಯನ್ನೂ ವ್ಯಾನಿಗೆ ಹತ್ತಿಸುವಂತಿಲ್ಲ.