ಐಚ್ಛಿಕ ಪಾಠಗಳು ಮಗುವಿನ ಬಳಿಗೆ ಬಂದ ಬಗೆ

ವಿದ್ಯಾರ್ಥಿಯು ತನ್ನ ವಿಷಯವನ್ನು ತಾನೇ ಆರಿಸಿಕೊಳ್ಳಬೇಕೆಂಬ ವಿಚಾರವು ಅಮೆರಿಕದಲ್ಲಿ ಪ್ರಬಲವಾದುದು ಮೊದಲು ಉನ್ನತ ಶಿಕ್ಷಣದಲ್ಲಿ. 1869ರಿಂದ 1909ರವರೆಗೆ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಎಲಿಯಟ್ಟರು ಐಚ್ಛಿಕ ಪದ್ಧತಿಯನ್ನು ಅಲ್ಲಿ ವಿಶಾಲವಾಗಿ ಬೆಳೆಸಿದರು. ಆದರೆ ಹನ್ನೊಂದು ಹನ್ನೆರಡರ ವಯಸ್ಸಿನ ಮಗುವು ತಾನು ಕಂಡರಿಯದ ವಿಷಯವನ್ನು ಆರಿಸುವುದೆಂತು?

1909ರಲ್ಲಿ ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ ಜೂನಿಯರ್ ಹೈಸ್ಕೂಲು ಆರಂಭವಾಯಿತು. ಇಂತಹ ಶಾಲೆಗಳು ಹರಡಿದಂತೆ ಈ ಪ್ರಶ್ನೆಗೊಂದು ಪರಿಹಾರವೂ ರೂಪುಗೊಂಡಿತು. ಸಂಗೀತ, ಚಿತ್ರಕಲೆ, ಮರಗೆಲಸ, ಅಡುಗೆ, ಅನ್ಯಭಾಷೆ ಮೊದಲಾದವುಗಳನ್ನು ಅಲ್ಪಾವಧಿಯ ಪಾಠಗಳಾಗಿ ಸರದಿಯಂತೆ ಕಲಿಸಿ, ರುಚಿಯನ್ನು ತೋರಿಸಿದ ಬಳಿಕ ಆಯ್ಕೆಗೆ ಬಿಡುವುದೇ ಆ ಪರಿಹಾರ. ವಿಲಿಯಂ ಅಲೆಕ್ಸಾಂಡರರು 1963ರಲ್ಲಿ ಪ್ರತಿಪಾದಿಸಿದ ಮಾಧ್ಯಮಿಕ ಶಾಲೆಯ ಕಲ್ಪನೆಯು ಹಬ್ಬಿ, ಅದು ಹಲವೆಡೆ ಆರನೆಯ ತರಗತಿಯಿಂದಲೇ ತೊಡಗಿದಾಗ, ಈ ಅನ್ವೇಷಣೆಯು ಅದರ ಪ್ರಥಮ ವರ್ಷಕ್ಕೇ ಬಂದಿತು.

ಆದರೂ ಒಂದು ದೊಡ್ಡ ಲೋಪವು ಬಹುಕಾಲ ಉಳಿದಿತ್ತು. ಬಾಲಕರಿಗೆ ಮರಗೆಲಸ, ಬಾಲಕಿಯರಿಗೆ ಹೊಲಿಗೆ, ಅಡುಗೆ ಎಂದು ಅನೇಕ ಶಾಲೆಗಳು ತಾವೇ ನಿರ್ಣಯಿಸಿಬಿಡುತ್ತಿದ್ದವು. ಸರ್ಕಾರದ ಧನಸಹಾಯ ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಲಿಂಗಭೇದವನ್ನು ನಿಷೇಧಿಸಿದ 1972ರ ಕಾಯಿದೆಯೂ ಅದರನ್ವಯ 1975ರಲ್ಲಿ ಬಂದ ನಿಯಮಗಳೂ ಈ ವಿಭಜನೆಯನ್ನು ಕಾನೂನುಬಾಹಿರಗೊಳಿಸಿದವು.

ಉಳಿಯನ್ನೂ ಸೂಜಿಯನ್ನೂ ಮಗುವಿನ ಕೈಗಿತ್ತು ನೋಡುವ ಮುನ್ನವೇ ಅದರ ಅಭಿರುಚಿಯನ್ನು ನಿರ್ಣಯಿಸುವ ಅಧಿಕಾರವು ಹಿರಿಯರಿಗಿಲ್ಲ. ಪಾಲಕರೂ ಅಧ್ಯಾಪಕರೂ ಈ ಇತಿಹಾಸದಿಂದ ಗ್ರಹಿಸಬೇಕಾದ ಪಾಠವಿದು.