ಪಂಪರಾಮಾಯಣ ಬರೆದವರು ಯಾರು?

ಪಂಪಭಾರತ ಬರೆದವನು ಪಂಪ. ಪಂಪರಾಮಾಯಣ ಬರೆದವನು ‘ಅಭಿನವ ಪಂಪ’ನೆನಿಸಿದ ನಾಗಚಂದ್ರ. ಕನ್ನಡ ಎಂ.ಎ. ತರಗತಿಯಲ್ಲಿ ಇದು ಮೊದಲ ವಾರದ ಪಾಠ. ಆದರೆ ಸಂಶೋಧನೆಗೆಂದು ಹುಡುಕಲು ಕುಳಿತಾಗ ನನಗೆ ಕವಿಯೂ ಸಿಕ್ಕ, ನದಿಯೂ ಸಿಕ್ಕಿತು, ನೀರೆತ್ತುವ ಪಂಪೂ ಸಿಕ್ಕಿತು. ಯಂತ್ರಕ್ಕೆ ಎಲ್ಲವೂ ಬರೀ ಅಕ್ಷರ.

ಈ ತಾಪತ್ರಯಕ್ಕೆ ಮದ್ದು ಹುಡುಕಿದವರಲ್ಲಿ ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ ಮುಖ್ಯರು. 2001ರ ಮೇ ತಿಂಗಳ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಜೇಮ್ಸ್ ಹೆಂಡ್ಲರ್, ಓರಾ ಲಸಿಲಾ ಜೊತೆ ಅವರು ‘ಸೆಮ್ಯಾಂಟಿಕ್ ವೆಬ್’ ಎಂಬ ಕನಸನ್ನು ಬಿಡಿಸಿಟ್ಟರು. ಅಲ್ಲಿ ಅಣ್ಣತಂಗಿಯರ ಕಥೆಯೊಂದಿದೆ: ತಾಯಿಯ ಚಿಕಿತ್ಸೆಗೆ ಯಾವ ವೈದ್ಯರು, ಯಾವ ಹೊತ್ತು ಎಂಬುದನ್ನೆಲ್ಲ ಅವರ ಪರವಾಗಿ ಸಾಫ್ಟ್‌ವೇರೇ ಹೊಂದಿಸುತ್ತದೆ. ಇದರ ಹಿಂದಿನ ಉಪಾಯ ಸರಳ. ಪ್ರತಿ ಸಂಗತಿಯನ್ನೂ ಮೂರು ತುಂಡಿನ ವಾಕ್ಯವಾಗಿಸಬೇಕು: ನಾಗಚಂದ್ರ, ಬರೆದ, ಪಂಪರಾಮಾಯಣ. ಪ್ರತಿ ತುಂಡಿಗೂ ತನ್ನದೇ ವಿಳಾಸ ಕೊಡಬೇಕು. ಆಗ ಹೆಸರು ಒಂದೇ ಆದರೂ ಆಳು ಬೇರೆ ಎಂಬುದು ಯಂತ್ರಕ್ಕೂ ತಿಳಿಯುತ್ತದೆ.

ಹೀಗೆ ಅರ್ಥವನ್ನು ಅಂಶಗಳಾಗಿ ಬಿಡಿಸುವ ಯೋಚನೆ ನಮ್ಮ ನೆಲಕ್ಕೆ ಹೊಸದಲ್ಲ. ಎಸ್.ಆರ್. ರಂಗನಾಥನ್ 1933ರಲ್ಲೇ ‘ಕೋಲನ್ ವರ್ಗೀಕರಣ’ ಪ್ರಕಟಿಸಿದ್ದರು. ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮುಖಗಳಿಂದ ಅವರು ಪುಸ್ತಕದ ವಿಷಯವನ್ನು ಗುರುತಿಸಿದರು. 1962ರಲ್ಲಿ ಬೆಂಗಳೂರಿನಲ್ಲಿ ದಾಖಲೀಕರಣದ ಸಂಶೋಧನೆ ಮತ್ತು ತರಬೇತಿಗೆಂದೇ ಕೇಂದ್ರವೊಂದನ್ನು ಕಟ್ಟಿದರು. ಬರ್ನರ್ಸ್-ಲೀ ಅವರನ್ನು ಓದಿದ್ದರು ಎಂದು ನಾನು ಹೇಳುತ್ತಿಲ್ಲ. ಇಬ್ಬರ ಮುಂದಿದ್ದ ಪ್ರಶ್ನೆ ಒಂದೇ ಆಗಿತ್ತು.

ಕನಸು ಅಂದುಕೊಂಡಂತೆ ಕೈಗೂಡಲಿಲ್ಲ. ಕೋಟ್ಯಂತರ ಪುಟಗಳಿಗೆ ಗುರುತುಚೀಟಿ ಅಂಟಿಸುವವರು ಯಾರು? ಅದರ ಒಂದಿಷ್ಟು ಭಾಗ 2012ರಲ್ಲಿ ಶುರುವಾದ ವಿಕಿಡೇಟಾದಲ್ಲಿ, ಸರ್ಚ್ ಎಂಜಿನ್ನುಗಳ ಒಳಗೆ ಉಳಿದುಕೊಂಡಿತು. ಅಷ್ಟರಲ್ಲಿ ಇನ್ನೊಂದು ದಾರಿ ತೆರೆಯಿತು. ಚೀಟಿಯೇ ಬೇಡ, ರಾಶಿ ರಾಶಿ ಪಠ್ಯ ಓದಿಸಿದರೆ ಯಂತ್ರ ತಾನೇ ಊಹಿಸುತ್ತದೆ ಎಂಬ ದಾರಿ.

ಅಂಥದೊಂದು ಯಂತ್ರವನ್ನು ನಾನು ಕೇಳಿದೆ: ಪಂಪರಾಮಾಯಣ ಬರೆದವರು ಯಾರು? ಕಾಲ, ಆಶ್ರಯದಾತ ಎಲ್ಲ ಸೇರಿಸಿ ಅಚ್ಚುಕಟ್ಟಾದ ಕನ್ನಡದಲ್ಲಿ ಉತ್ತರ ಬಂತು: ಪಂಪ. ನನಗೆ ಗೊತ್ತಿದ್ದರಿಂದ ನಕ್ಕೆ. ಗೊತ್ತಿಲ್ಲದವರು ಬರೆದುಕೊಳ್ಳುತ್ತಾರೆ. ಹಾಗೆ ಬರೆದುಕೊಂಡದ್ದನ್ನೇ ನಾಳೆಯ ಯಂತ್ರ ಓದುತ್ತದೆ. ಇಂಗ್ಲಿಷಿನಲ್ಲಿ ಒಂದು ತಪ್ಪಿಗೆ ಎದುರಾಗಿ ನೂರು ಸರಿಗಳು ಸಿಗಬಹುದು. ಜಾಲದಲ್ಲಿ ಕನ್ನಡದ ಪಠ್ಯ ತೆಳು. ಇಲ್ಲಿ ನಾಗಚಂದ್ರ ತನ್ನ ಕಾವ್ಯವನ್ನೇ ಕಳೆದುಕೊಳ್ಳಬಹುದು.

ನಾನು ಕೆಲಸ ಮಾಡುವುದು ಓಲೆಗರಿಗಳ ಜೊತೆ. ಎಷ್ಟೋ ಕಟ್ಟುಗಳ ಕೊನೆಯಲ್ಲಿ ಲಿಪಿಕಾರ ತನ್ನ ಹೆಸರು, ಊರು, ಸಂವತ್ಸರ, ತಿಥಿ ಬರೆದಿಟ್ಟಿರುತ್ತಾನೆ. ಯಾರು, ಏನನ್ನು, ಎಲ್ಲಿ, ಯಾವಾಗ: ಬರ್ನರ್ಸ್-ಲೀ ಕೇಳಿದ್ದೂ ಇದನ್ನೇ. ಆ ಸಾಲುಗಳನ್ನು ಈಗ ನಾನು ಪ್ರಬಂಧದ ಅನುಬಂಧಕ್ಕಷ್ಟೇ ಬಿಡುತ್ತಿಲ್ಲ. ಯಂತ್ರಕ್ಕೂ ಓದಲು ಬರುವಂತೆ ಮೂರು ತುಂಡುಗಳಲ್ಲಿ ಬರೆದಿಡುತ್ತಿದ್ದೇನೆ. ದಿನಕ್ಕೆ ಹತ್ತಾದರೆ ಹೆಚ್ಚು.

ಆ ಲಿಪಿಕಾರರಲ್ಲಿ ಹಲವರು ಕೊನೆಗೆ ಒಂದು ಮಾತು ಸೇರಿಸುತ್ತಾರೆ: ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಲಿ ಎಂದು. ಮುಂದಿನ ತಲೆಮಾರಿನ ಇಂಟರ್ನೆಟ್ಟು ಎಷ್ಟಾದರೂ ಜಾಣವಾಗಲಿ, ಅದು ಈ ಮಾತನ್ನೂ ಕಲಿಯಲಿ ಎಂಬುದು ನನ್ನ ಆಸೆ.